ಮುಳುಗಡೆಯ ಕಾದಂಬರಿ: ನಾಲ್ಕನೆಯ ಅಧ್ಯಾಯದವರೆಗಿನ ಕೆಲಸ

ಮುಳುಗಡೆಯಾದವರಿಗಾಗಿಯೇ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ಕುಳಿತು ಬರೆಯುತ್ತಿರುವ ಈ ಕಾದಂಬರಿಯ ನಾಲ್ಕನೆಯ ಅಧ್ಯಾಯ ಈಗ ಒಂದು ಹದಕ್ಕೆ ಬಂದಿದೆ. ಕಥೆ ನಡೆಯುವುದು 2000ದ ಸುಮಾರಿಗೆ, ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸೇರಲಿರುವ, ಘಟಪ್ರಭೆಯ ದಂಡೆಯ ಒಂದು ಕಲ್ಪಿತ ಹಳ್ಳಿಯಲ್ಲಿ. ಸೊಸೈಟಿಯ ಸೆಕ್ರೆಟರಿ ಗುರುಸಿದ್ದಪ್ಪ ಮತ್ತು ಒಕ್ಕಲುತನದ ಈರಪ್ಪ ದಾಯಾದಿಗಳು. ಬದುವಿನ ಹಳೆಯ ವ್ಯಾಜ್ಯ ಅವರ ನಡುವೆ ಇನ್ನೂ ಆರಿಲ್ಲ. ಒಬ್ಬ ಲೆಕ್ಕದ ಮನುಷ್ಯ, ಇನ್ನೊಬ್ಬ ಸಿಟ್ಟು ಮತ್ತು ಕಣ್ಣೀರಿನ ಮನುಷ್ಯ ಎಂಬುದು ಮೊದಲ ಅಧ್ಯಾಯದ ಊರ ಸಭೆಯಲ್ಲಿಯೇ ಓದುಗರಿಗೆ ತಿಳಿದುಬಿಡುತ್ತದೆ. ಅಲ್ಲಿಗೇ ನಿಂತರೆ ಇಬ್ಬರೂ ಬರಿಯ ಎರಡು ವಾದಗಳಾಗಿ ಉಳಿಯುತ್ತಾರೆ.

ಆದ್ದರಿಂದ ನಾಲ್ಕನೆಯ ಅಧ್ಯಾಯವನ್ನು ಪರಿಹಾರದ ಚೆಕ್ಕು ಬರುವ ದಿನದ ಮೇಲೆ ಕಟ್ಟಿದ್ದೇನೆ. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ, ತಕರಾರು ದಾಖಲಿಸದೆ ಹಣ ಪಡೆದವನಿಗೆ 18ನೆಯ ಕಲಮಿನ ಅಡಿಯಲ್ಲಿ ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಇರಲಿಲ್ಲ. ತಕರಾರಿನೊಂದಿಗೆ ಪಡೆದವನಿಗೆ ಇತ್ತು. ಗುರುಸಿದ್ದಪ್ಪನಿಗೆ ಇದು ಬಾಯಿಪಾಠ. ಊರಿನ ಅರ್ಧ ಮಂದಿಗೆ ತಕರಾರಿನ ಮಾತನ್ನು ಬರೆದುಕೊಟ್ಟವನೇ ಅವನು. ಆದರೆ ತನ್ನ ಸರದಿ ಬಂದಾಗ ಅವನು ಏನನ್ನೂ ಬರೆಯದೆ ಸಹಿ ಮಾಡುತ್ತಾನೆ. ಹೊಲಕ್ಕೆ ಇನ್ನಷ್ಟು ಬೆಲೆ ಕೇಳಿದರೆ, ಕಸಿದುಕೊಂಡ ಹೊಲವನ್ನು ತಾನೇ ಮಾರಿದಂತಾಗುತ್ತದೆ ಎಂಬ, ಹೆಂಡತಿಗೂ ಹೇಳಲಾರದ ಸಂಕಟ ಅವನ ಕೈಯನ್ನು ಹಿಡಿಯುತ್ತದೆ. ಇದನ್ನು ನಿರೂಪಕನ ಬಾಯಿಂದ ವಿವರಿಸದೆ, ಅವನು ಹೊಲದ ಉತಾರವನ್ನು (ಪಹಣಿಯನ್ನು) ಮಡಚಿ ಜೇಬಿಗಿಡುವ ರೀತಿಯಲ್ಲಿಯೇ ತೋರಿಸಲು ಯತ್ನಿಸಿದ್ದೇನೆ.

ಈರಪ್ಪನ ಪಾಲಿಗೆ ಬಂದದ್ದು ತರ್ಕ. 2000ದಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಯ ನೀರಿನ ಮಟ್ಟಕ್ಕೆ, ಸಮುದ್ರಮಟ್ಟದಿಂದ ಅಳೆದಂತೆ, 519.6 ಮೀಟರಿನ ಮಿತಿ ಹಾಕಿತು. ಯೋಜನೆಯಲ್ಲಿದ್ದ ಮಟ್ಟ 524.256 ಮೀಟರು, ಅದಕ್ಕೆ ಕೃಷ್ಣಾ ನದಿಯ ನೀರು ಹಂಚುವ ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. ಎಲ್ಲರೂ ಹೊಸ ಊರಿನ ಜಾಗದ ಅಳತೆಯಲ್ಲಿ ಮುಳುಗಿದ್ದಾಗ ಅಳುತ್ತಲೇ ಎದ್ದು ನಿಲ್ಲುವ ಈರಪ್ಪ, “ಸಾಹೇಬ್ರ, ಇವತ್ತ 519ಕ್ಕ ನೀರ ನಿಂದ್ರಸ್ತೀರಿ, ನಾಳೆ 524 ಅಂದ್ರ ಮತ್ತ ಗಂಟು ಕಟ್ಟೂದೇನ್ರಿ?” ಎಂದು ಕೇಳುತ್ತಾನೆ. ಇಡೀ ಸಭೆಯಲ್ಲಿ ಉತ್ತರವಿಲ್ಲದ ಪ್ರಶ್ನೆ ಇದೊಂದೇ, ಅದೂ ಅವಸರದ ಮನುಷ್ಯನೆಂದು ಹೆಸರಾದವನಿಂದ. (ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಹಳತಾಗಿಲ್ಲ.)

ಮಾತಿನ ಧಾಟಿಯನ್ನೂ ಬೇರೆ ಮಾಡಿದ್ದೇನೆ: ಗುರುಸಿದ್ದಪ್ಪ ಸಭೆಯಲ್ಲಿ ಕಚೇರಿಯ ಕನ್ನಡವನ್ನು, ತಾಯಿಯ ಮುಂದೆ ಮಾತ್ರ ಮನೆಯ ಮಾತನ್ನು ಆಡುತ್ತಾನೆ.

ಐದನೆಯ ಅಧ್ಯಾಯದಲ್ಲಿ ತಕರಾರಿಲ್ಲದ ಆ ಸಹಿಯ ವಿಷಯ ಈರಪ್ಪನಿಗೆ ತಿಳಿಯಬೇಕು. ಎದುರಾಳಿಯ ಸಂಕಟವನ್ನು ಅವನೊಬ್ಬನೇ ಅರ್ಥಮಾಡಿಕೊಳ್ಳುತ್ತಾನೆ, ಆದರೂ ಪುನರ್ವಸತಿ ಸಮಿತಿಯ ಚುನಾವಣೆಯಲ್ಲಿ ಅದನ್ನೇ ಅಸ್ತ್ರವಾಗಿ ಬಳಸುತ್ತಾನೆ. ಅವನು ಕರಗಿ ಸುಮ್ಮನಾಗುವಂತೆಯೂ ಬರೆದು ನೋಡಬಹುದಿತ್ತು. ಹಾಗೆ ಮಾಡಿದರೆ ಬದುವಿನ ವ್ಯಾಜ್ಯಕ್ಕೆ ಕಥೆಯಲ್ಲಿ ಬೆಲೆಯೇ ಇರುವುದಿಲ್ಲವೆಂದು ಆ ದಾರಿಯನ್ನು ಬಿಟ್ಟಿದ್ದೇನೆ. ಚುನಾವಣೆಯ ದೃಶ್ಯದ ಮೊದಲ ಕರಡು ಸದ್ಯ ಅರ್ಧಕ್ಕೆ ಬಂದಿದೆ.