ತೆನೆ ಎಣಿಸುವ ದಿನ

ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದ ಬಲಿಪೂಜೆಯಲ್ಲಿ ಓದುವ ಶುಭಸಂದೇಶದ ಹೆಚ್ಚಿನ ಭಾಗ ಬರಿಯ ಹೆಸರುಗಳ ಪಟ್ಟಿಯಾಗಿದೆ. ಅಬ್ರಹಾಮನ ಮಗ ಇಸಾಕ, ಇಸಾಕನ ಮಗ ಯಕೋಬ ಎಂದು ಆರಂಭವಾಗುವ ಮತ್ತಾಯನ ವಂಶಾವಳಿ, ಮರಿಯಳ ಪತಿಯಾದ ಯೋಸೇಫನವರೆಗೆ ಉಸಿರು ಬಿಡದೆ ಸಾಗುತ್ತದೆ. ಇದರ ಬದಲು ಚಿಕ್ಕ ಪಾಠವನ್ನು ಓದುವ ಅನುಮತಿ ಗುರುಗಳಿಗೆ ಇದೆಯಾದರೂ, ಪೂರ್ತಿ ಓದುವ ಗುರುಗಳೇ ನನಗೆ ಇಷ್ಟ. ಬಾಲ್ಯದಲ್ಲಿ ಆ ಹೆಸರುಗಳೆಲ್ಲ ಪೂಜೆಯ ಬಳಿಕ ಮಕ್ಕಳಿಗೆ ಹಂಚುವ ಕಬ್ಬು ಕೈಗೆ ಬರುವುದನ್ನು ತಡಮಾಡುವ ಅಡ್ಡಿಗಳಂತೆ ಕಾಣುತ್ತಿದ್ದವು. ಈಗ ಅವುಗಳ ನಡುವೆ ನನ್ನ ಮನಸ್ಸು ನಾಲ್ಕು ಹೆಸರುಗಳ ಬಳಿ ನಿಂತುಬಿಡುತ್ತದೆ: ಹಿಜ್ಕೀಯ, ಮನಸ್ಸೆ, ಆಮೋನ, ಯೋಷೀಯ. ದೇವರಿಗೆ ನಡೆದುಕೊಂಡ ತಂದೆಗೆ ವಿಗ್ರಹಗಳನ್ನು ನಿಲ್ಲಿಸಿದ ಮಗ, ಅವನದೇ ದಾರಿ ಹಿಡಿದ ಮೊಮ್ಮಗ, ಆಮೇಲೆ ಎಂಟನೆಯ ವಯಸ್ಸಿನಲ್ಲಿ ಸಿಂಹಾಸನವೇರಿ ದೇವಾಲಯವನ್ನು ಶುದ್ಧಗೊಳಿಸಿದ ಮರಿಮಗ. ವಿಶ್ವಾಸವು ರಕ್ತದಲ್ಲಿ ಇಳಿದುಬರುವ ಆಸ್ತಿಯಾಗಿದ್ದರೆ ಈ ನಾಲ್ವರ ಕಥೆ ಹೀಗಿರುತ್ತಿರಲಿಲ್ಲ.

ಕರಾವಳಿಯ ಕೊಂಕಣಿ ಕ್ಯಾಥೋಲಿಕರಾದ ನಮಗೆ ಈ ದಿನ ಮೊಂತಿ ಫೆಸ್ತ್, ಅಂದರೆ ತೆನೆಹಬ್ಬ. ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಎಂಬ ಗುಡ್ಡದ ಇಗರ್ಜಿಯಲ್ಲಿ, ಗೋವೆಯ ಗುರು ಜೋಕಿಂ ಮಿರಾಂದಾ ಅವರು 1763ರಲ್ಲಿ ಇದನ್ನು ಆರಂಭಿಸಿದರೆಂದು ಸಮುದಾಯ ನೆನೆಯುತ್ತದೆ. ಗುಡ್ಡಕ್ಕೆ ಪೋರ್ಚುಗೀಸರು ಹೇಳುವ ‘ಮೊಂತೆ’ಯೇ ನಮ್ಮ ಬಾಯಲ್ಲಿ ಮೊಂತಿಯಾಯಿತು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿ, ತಟ್ಟೆಗಳಲ್ಲಿ ಹೂ ತಂದು ಬಾಲಮರಿಯಳ ಪ್ರತಿಮೆಗೆ ಎರಚುತ್ತಾರೆ. ಒಂಬತ್ತು ದಿನವೂ ಹೂ ಒದಗಿಸುವ ಹೊಣೆ ಅಮ್ಮಂದಿರದು, ಕೆಲವೊಮ್ಮೆ ನೆರೆಮನೆಯವರ ದಾಸವಾಳದ ಗಿಡದ್ದು.

ಹಬ್ಬ ಹುಟ್ಟಿ ಇಪ್ಪತ್ತೊಂದು ವರ್ಷವಾಗುವಷ್ಟರಲ್ಲಿ, 1784ರಲ್ಲಿ, ಟಿಪ್ಪುವಿನ ಆಳ್ವಿಕೆಯಲ್ಲಿ ಈ ಜನ ಶ್ರೀರಂಗಪಟ್ಟಣದ ಸೆರೆಗೆ ಹೋದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಉಳಿದವರಿಗೆ ಬಿಡುಗಡೆಯಾಯಿತು. ಗುರುಗಳನ್ನು ನಾಡಿನಿಂದ ಹೊರಗಟ್ಟಲಾಗಿತ್ತು, ಹೆಚ್ಚಿನ ಇಗರ್ಜಿಗಳು ನೆಲಸಮವಾಗಿದ್ದವು. ಯಾರ ಮೇಲೂ ಹಗೆ ಸಾಧಿಸಲು ಇದನ್ನು ನಾನು ನೆನೆಯುತ್ತಿಲ್ಲ. ಹದಿನೈದು ವರ್ಷವೆಂದರೆ ಏನು ಎಂಬ ಲೆಕ್ಕವಷ್ಟೇ ನನ್ನನ್ನು ಕಾಡುತ್ತದೆ. ಐದು ವರ್ಷದ ಕೂಸಾಗಿ ಘಟ್ಟ ಹತ್ತಿದವಳು ಇಪ್ಪತ್ತರ ಹೆಂಗಸಾಗಿ ಘಟ್ಟ ಇಳಿದಾಗ, ಅವಳ ನಾಲಿಗೆಯ ಮೇಲೆ ‘ನಮಾನ್ ಮರಿಯೆ’ ಎಂಬ ಮರಿಯಮ್ಮನ ಜಪ ಉಳಿದಿತ್ತೆಂದರೆ, ಅದನ್ನು ಅವಳಿಗೆ ಕಲಿಸಿದ್ದು ಪೀಠದ ಮೇಲಿನ ಉಪದೇಶವಂತೂ ಆಗಿರಲಿಕ್ಕಿಲ್ಲ. ಪೌಲನು ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ, ಆ ಯುವಕನ ವಿಶ್ವಾಸ ಮೊದಲು ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲಸಿತ್ತೆಂದು ಹೆಸರು ಹಿಡಿದು ಹೇಳುತ್ತಾನೆ; ಪ್ರೇಷಿತನೊಬ್ಬನು ತನ್ನ ಶಿಷ್ಯನ ಶಿಷ್ಯತ್ವದ ಮೊದಲ ಮಾನವನ್ನು ತಾನಿಟ್ಟುಕೊಳ್ಳದೆ ಅಡುಗೆಮನೆಗೆ ಒಪ್ಪಿಸಿದ ಸಾಲು ಅದು.

ಆ ಒಪ್ಪಿಸುವಿಕೆಯ ಗುಣ ನಮ್ಮ ಹಿರಿಯರಲ್ಲಿ ಕಡಿಮೆಯಾಗಿದೆ ಎಂದು ನನಗೆ ಅನಿಸುವುದುಂಟು, ಮತ್ತು ಆ ಹಿರಿಯರಲ್ಲಿ ನಾನೂ ಒಬ್ಬ. ಯುವಜನರಿಗೆ ನಾಯಕತ್ವದ ಶಿಬಿರ ಏರ್ಪಡಿಸುತ್ತೇವೆ, ಊಟ ಹಾಕುತ್ತೇವೆ, ಪ್ರಮಾಣಪತ್ರವನ್ನೂ ಕೊಡುತ್ತೇವೆ. ಮೈಕ್ ಮಾತ್ರ ಕೊಡುವುದಿಲ್ಲ. ವಾಡ್ಯದ, ಅಂದರೆ ಇಗರ್ಜಿಗೆ ಸೇರಿದ ಒಂದು ಕೇರಿಯ, ಗುರ್ಕಾರನಾಗಿ (ಮುಖಂಡನಾಗಿ) ನಾನು ಕಳೆದ ವರ್ಷಗಳಲ್ಲಿ, ಇಪ್ಪತ್ತರ ಹುಡುಗಿಯೊಬ್ಬಳು ವಾಡ್ಯದ ಪ್ರಾರ್ಥನೆಯನ್ನು ತಾನು ನಡೆಸಲೇ ಎಂದು ಎರಡು ಸಲ ಕೇಳಿದ್ದಳು, ಎರಡು ಸಲವೂ ನಾನು ‘ಮುಂದಿನ ತಿಂಗಳು ನೋಡೋಣ’ ಎಂದಿದ್ದೆ. ಮೂರನೆಯ ಸಲ ಅವಳು ಕೇಳಲಿಲ್ಲ.

ಈ ಸಲದ ಹಬ್ಬಕ್ಕೆ ಮನೆಗೆ ಬಂದಾಗ ಇದೆಲ್ಲ ನನ್ನ ತಲೆಯಲ್ಲಿತ್ತು. ಪೂಜೆಯ ಬಳಿಕ, ಆಶೀರ್ವದಿಸಿದ ತೆನೆ ಹಂಚುವ ಮೇಜಿನ ಬಳಿ, ಈಗಿನ ಗುರ್ಕಾರರು ಪ್ರತಿ ಮನೆಯವರನ್ನೂ ಕೇಳುವ ಮಾತು ಒಂದೇ: ‘ಎಷ್ಟು ಜನ?’ ನಾವು ಏಳು ಎಂದೆವು. ದೋಹಾದಲ್ಲಿರುವ ನನ್ನ ಮಗಳು, ಅಳಿಯ ಸೇರಿ ಏಳು. ದೂರ ಇರುವವರಿಗೂ ತೆನೆಯ ಪಾಲು ಉಂಟು, ಅದು ಲಕೋಟೆಯಲ್ಲಿ ಹೋಗುತ್ತದೆ.

ಮನೆಯಲ್ಲಿ ತೆನೆಯನ್ನು ಅಲ್ತಾರಿನ ಮೇಲಿಟ್ಟು ಮೇಣದಬತ್ತಿ ಹಚ್ಚಿದೆವು. ಪ್ರಾರ್ಥನೆ ಆರಂಭಿಸುವುದು ಎಂದಿನಿಂದಲೂ ನನ್ನ ಅಮ್ಮ. ಅಪ್ಪ ತೀರಿಕೊಂಡಂದಿನಿಂದ ಸಂಜೆಯ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಕೂಡ ಅವರದೇ ದನಿಯಲ್ಲಿ ನಡೆಯುತ್ತದೆ. ಅವರಿಗೀಗ ಎಂಬತ್ತಾರು. ಶಿಲುಬೆಯ ಗುರುತಿಗೆ ಎತ್ತಿದ ಕೈಯನ್ನು ಅವರು ನಡುವೆಯೇ ಇಳಿಸಿ, ಹದಿನಾರರ ನನ್ನ ಮಗನ ಕಡೆ ತಿರುಗಿ, ‘ಪುತಾ, ನೀನು ಶುರು ಮಾಡು’ ಎಂದರು. ಅವನು ಇಂಗ್ಲಿಷ್ ಶಾಲೆಯ ಹುಡುಗ. ಕೊಂಕಣಿಯ ಜಪ ಅವನಿಗೆ ಗುಂಪಿನಲ್ಲಿ ಬರುತ್ತದೆ, ಒಂಟಿಯಾಗಿ ಬರುವುದಿಲ್ಲ. ಎರಡನೆಯ ಸಾಲಿನಲ್ಲೇ ಅವನು ತಡವರಿಸಿದಾಗ ಪದ ಎತ್ತಿಕೊಡಲು ನಾನು ಬಾಯಿ ತೆರೆದೆ. ಅಮ್ಮ ಕಣ್ಣಿನಲ್ಲೇ ತಡೆದರು. ಗಡಿಯಾರದ ಸದ್ದು ಕೇಳುವಷ್ಟು ಹೊತ್ತು ಮನೆ ಸುಮ್ಮನಿತ್ತು. ಆಮೇಲೆ ಅವನಿಗೆ ಪದ ಸಿಕ್ಕಿತು, ಸಿಕ್ಕಿದ ಮೇಲೆ ದನಿ ಸ್ವಲ್ಪ ಗಟ್ಟಿಯಾಯಿತು, ನಾವು ಹಿಂದಿನಿಂದ ಉತ್ತರ ಕೊಟ್ಟೆವು. ಐವತ್ತು ವರ್ಷ ಮುನ್ನಡೆಸಿದ ಅಮ್ಮನ ದನಿಯನ್ನು ಉತ್ತರ ಕೊಡುವವರ ಸಾಲಿನಲ್ಲಿ ನಾನು ಕೇಳಿದ್ದು ಅದೇ ಮೊದಲು.

ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕಿರಿಯರಿಂದ ಹಿಡಿದು ಹಿರಿಯರ ಬಳಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದು ನಮ್ಮಲ್ಲಿನ ಪದ್ಧತಿ. ಮಗ ಮಂಡಿಯೂರಿದ, ಅಮ್ಮ ಅವನ ಹಣೆಯ ಮೇಲೆ ಶಿಲುಬೆ ಬರೆದರು. ನಾನೂ ಮಂಡಿಯೂರಿದೆ. ಬಳಿಕ ಸುಲಿದು ಪುಡಿ ಮಾಡಿದ ಹೊಸ ಅಕ್ಕಿಯನ್ನು ತೆಂಗಿನ ಹಾಲಿನ ಪಾಯಸಕ್ಕೆ ಬೆರೆಸಿ, ಒಂದೊಂದು ಚಮಚ ಎಲ್ಲರೂ ತೆಗೆದುಕೊಂಡೆವು, ಬಾಳೆಲೆಯ ಮುಂದೆ ಕುಳಿತೆವು. ಅಂದು ಮೀನು ಮಾಂಸವಿಲ್ಲ. ಹರಿವೆ ದಂಟು, ಬೆಂಡೆ, ಹೀರೆ, ಕೆಸು.

ಊಟದ ನಂತರ ಮಗ ಅಜ್ಜಿಯ ಪಕ್ಕ ಕುಳಿತು, ದೋಹಾಕ್ಕೆ ಕಳುಹಿಸುವ ಲಕೋಟೆಗೆ ಕಾಳು ಎಣಿಸಿ ಹಾಕುತ್ತಿದ್ದ. ಅಕ್ಕನಿಗೊಂದು, ಭಾವನಿಗೊಂದು ಎಂದು ಎರಡು ಹಾಕಿ ಅಂಟಿಸಲು ಹೊರಟವನ ಕೈಯನ್ನು ಅಮ್ಮ ಹಿಡಿದರು. ಮಗಳಿಗೆ ಡಿಸೆಂಬರಿನಲ್ಲಿ ಹೆರಿಗೆ. ತಮ್ಮ ಪಾಲಿಗೆ ಉಳಿದಿದ್ದ ಎಸಳಿನಿಂದ ಇನ್ನೊಂದು ಕಾಳನ್ನು ಬಿಡಿಸಿ ಅವನ ಅಂಗೈಗಿಟ್ಟು, ‘ಗುರ್ಕಾರರಿಗೆ ನೀವು ಲೆಕ್ಕ ತಪ್ಪಿ ಹೇಳಿದ್ದೀರಿ, ನಾವು ಎಂಟು ಜನ’ ಎಂದರು.