ಯಾರು ಮೊದಲು ಹೋಗಬೇಕು?

ಅಣ್ಣನ ಮಗಳಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಮೈಸೂರಿನಲ್ಲಿ ಚೆನ್ನಾಗಿಯೇ ಕಾರು ಓಡಿಸುವ ಹುಡುಗಿ. "ಚಿಕ್ಕಪ್ಪ, ಅಲ್ಲಿಯ ಬೋರ್ಡುಗಳನ್ನ ಒಂದ್ಸಲ ಹೇಳ್ಕೊಡಿ" ಅಂದಳು. ಭಾನುವಾರ ಬೆಳಿಗ್ಗೆ ಅವಳೇ ಸ್ಟೇರಿಂಗ್ ಹಿಡಿದಳು. ಸರಸ್ವತಿಪುರಂನಿಂದ ಕೆ.ಆರ್. ಸರ್ಕಲ್, ಅಲ್ಲಿಂದ ಶ್ರೀರಂಗಪಟ್ಟಣ. ಸಿಕ್ಕ ಸಿಕ್ಕ ಕೂಡುರಸ್ತೆಯಲ್ಲೆಲ್ಲ ಒಂದೇ ಪ್ರಶ್ನೆ: ಇದು ಜರ್ಮನಿಯಾಗಿದ್ದರೆ ಇಲ್ಲಿ ಯಾರು ನಿಲ್ಲಬೇಕು, ಯಾರು ಹೋಗಬೇಕು?

ಬೋರ್ಡಿನ ಚಿತ್ರಗಳು ಅಷ್ಟು ತೊಂದರೆ ಕೊಡುವುದಿಲ್ಲ. ರಸ್ತೆ ಚಿಹ್ನೆಗಳ ಬಗೆಗಿನ 1968ರ ವಿಯೆನ್ನಾ ಒಪ್ಪಂದದಲ್ಲಿ ಭಾರತವೂ ಇದೆ, ಜರ್ಮನಿಯೂ ಇದೆ. ಕೆಂಪು ಅಂಚಿನ ತ್ರಿಕೋನ ಕಂಡರೆ ಎಚ್ಚರಿಕೆ, ಕೆಂಪು ಅಂಚಿನ ವೃತ್ತ ಕಂಡರೆ ನಿಷೇಧ ಅಥವಾ ಮಿತಿ. ಅಮೆರಿಕ ಆ ಒಪ್ಪಂದಕ್ಕೆ ಸೇರಿಲ್ಲ. ಅಲ್ಲಿ ಎಚ್ಚರಿಕೆಗೆ ಹಳದಿ ಡೈಮಂಡ್. ಅದೇ ಹಳದಿ ಡೈಮಂಡ್ ಬಿಳಿ ಅಂಚಿನೊಂದಿಗೆ ಜರ್ಮನಿಯಲ್ಲಿ ಕಂಡರೆ ನೀವಿರುವುದು ಮುಖ್ಯರಸ್ತೆ, ಅಡ್ಡರಸ್ತೆಯಿಂದ ಬರುವವರು ನಿಮಗೆ ದಾರಿ ಬಿಡಬೇಕು ಎಂದರ್ಥ. ಡೈಮಂಡ್ ಮೇಲೆ ಓರೆಯಾಗಿ ಕಪ್ಪು ಗೆರೆ ಎಳೆದಿದ್ದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಈ ಗೆರೆ ಕಣ್ತಪ್ಪಿದರೆ ಮುಂದಿನ ಕ್ರಾಸಿನಲ್ಲೇ ಅಪಾಯ ಕಾದಿರುತ್ತದೆ.

ಸರಸ್ವತಿಪುರಂನ ಕ್ರಾಸುಗಳಂತೆ ಬೋರ್ಡೂ ಇಲ್ಲದ, ಸಿಗ್ನಲ್ಲೂ ಇಲ್ಲದ ಕಡೆಗಳನ್ನೇ ಹೆಚ್ಚು ಹೊತ್ತು ಮಾತಾಡಿದೆವು. ಇಂಥಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬುದು ನಮ್ಮ ನಿಯಮದಲ್ಲೂ ಇದೆ. ಆದರೆ ನಾವು ಹಾರ್ನ್ ಹೊಡೆದು, ಎದುರಿನವರ ಮುಖ ನೋಡಿ, ಯಾರು ಮೂತಿ ತೂರಿಸಿದರೋ ಅವರಿಗೆ ಬಿಟ್ಟು ಸಾಗುತ್ತೇವೆ. ಜರ್ಮನಿಯ 30 ಕಿ.ಮೀ. ಮಿತಿಯ ಬಡಾವಣೆಗಳಲ್ಲಿ ಬಲದಿಂದ ಬರುವ ಚಾಲಕ ನೀವು ನಿಂತೇ ನಿಲ್ಲುತ್ತೀರಿ ಎಂದು ನಂಬಿಕೊಂಡು ಬರುತ್ತಾನೆ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಅಲ್ಲಿ ರಸ್ತೆಯ ಬಲಗಡೆ ಓಡಿಸುವುದರಿಂದ ಅಡ್ಡರಸ್ತೆಯಲ್ಲಿ ನಮಗೆ ಹತ್ತಿರದ ಅರ್ಧದಲ್ಲಿ ವಾಹನ ಬರುವುದು ಎಡದಿಂದ. ಕಣ್ಣು ಅತ್ತ ಹೋಗುತ್ತದೆ, ದಾರಿ ಬಿಡಬೇಕಾದ್ದು ಮಾತ್ರ ಬಲದವರಿಗೆ. ಕ್ರಾಸ್ ಬರುವ ಮೊದಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಬ್ರೇಕ್ ಮೇಲಿಟ್ಟು, ಬಲಕ್ಕೆ ಪೂರ್ತಿ ನೋಡುವುದನ್ನು ಅವಳಿಗೆ ಇಲ್ಲಿಯ ಕ್ರಾಸುಗಳಲ್ಲೇ ರೂಢಿ ಮಾಡಿಸಿದೆ.

ಕೆ.ಆರ್. ಸರ್ಕಲ್‌ನಲ್ಲಿ ನಾವು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತೇವೆ, ಅಲ್ಲಿ ಅದಕ್ಕೆ ವಿರುದ್ಧ. ಸುತ್ತುವ ಬಾಣಗಳ ನೀಲಿ ಫಲಕದ ಜೊತೆ ತಲೆಕೆಳಗಾದ ತ್ರಿಕೋನ ಇದ್ದರೆ ಒಳಗಿರುವವರೇ ಮೊದಲು. ಒಳಗೆ ಹೋಗುವಾಗ ಇಂಡಿಕೇಟರ್ ಹಾಕಬಾರದು, ಹೊರಬರುವಾಗ ಬಲದ್ದು ಹಾಕಲೇಬೇಕು.

ಸಿಗ್ನಲ್ಲಿನಲ್ಲಿ ನಮ್ಮವರಿಗೆ ಫ್ರೀ ಲೆಫ್ಟ್ ಅಭ್ಯಾಸ. ಇಲ್ಲಿಯೂ ಫಲಕವೋ ಹಸಿರು ಬಾಣವೋ ಇದ್ದರೆ ಮಾತ್ರ ಅದು ಸರಿ. ಜರ್ಮನಿಯಲ್ಲಿ ಕೆಂಪಿನ ಪಕ್ಕ ಹಸಿರು ಬಾಣದ ತಗಡು ಹೊಡೆದಿದ್ದರೆ, ಗೆರೆಯಲ್ಲಿ ಚಕ್ರ ಪೂರ್ತಿ ನಿಲ್ಲಿಸಿ, ನೋಡಿಕೊಂಡು ಬಲಕ್ಕೆ ಹೋಗಬಹುದು. ಹಸಿರು ಬರುವ ಮುನ್ನ ಕೆಂಪು, ಹಳದಿ ಎರಡೂ ಒಟ್ಟಿಗೆ ಹತ್ತುತ್ತವೆ. ಅದು ಗೇರ್ ಹಾಕಿ ಸಿದ್ಧವಾಗಲಿಕ್ಕೆ, ಹೊರಡಲಿಕ್ಕಲ್ಲ. ದೀಪದ ಕಂಬ ಸಾಮಾನ್ಯವಾಗಿ ನಿಲ್ಲುವ ಗೆರೆಯ ಹತ್ತಿರವೇ ಇರುತ್ತದೆ. ಇಲ್ಲಿಯಂತೆ ಗೆರೆ ದಾಟಿ ಮುಂದೆ ನಿಂತರೆ ದೀಪವೇ ಕಾಣದು.

ಬಲಕ್ಕೆ ತಿರುಗುವಾಗ ಬಲಪಕ್ಕದಲ್ಲಿ ನೇರ ಹೋಗುವ ಸೈಕಲ್ಲಿಗೂ, ನಾವು ತಿರುಗುವ ರಸ್ತೆಯನ್ನು ದಾಟುತ್ತಿರುವ ಪಾದಚಾರಿಗೂ ಮೊದಲ ಹಕ್ಕು. ಕನ್ನಡಿ ಸಾಲದು, ಭುಜದ ಮೇಲಿಂದ ಹಿಂದಿರುಗಿ ನೋಡಬೇಕು. ಎಡಕ್ಕೆ ನುಸುಳುವ ಸ್ಕೂಟರುಗಳನ್ನು ದಿನವೂ ಕಾಯುವ ಮೈಸೂರಿನವರಿಗೆ ಇದು ಬೇಗ ಬರುತ್ತದೆ, ಬದಿ ಬದಲಾದರೆ ಸಾಕು.

ಶ್ರೀರಂಗಪಟ್ಟಣ ಹತ್ತಿರವಾಗುತ್ತಿದ್ದಂತೆ ಊರಿನ ಬೋರ್ಡುಗಳ ಮಾತು ಬಂತು. ನಮ್ಮಲ್ಲಿ ಅದು ಹೆಸರು ಹೇಳಿ ಸುಮ್ಮನಾಗುತ್ತದೆ. ಜರ್ಮನಿಯಲ್ಲಿ ಊರಿನ ಹೆಸರಿನ ಹಳದಿ ಬೋರ್ಡೇ ವೇಗದ ಬೋರ್ಡು: ಅದನ್ನು ದಾಟಿದ ಕ್ಷಣದಿಂದ 50, ಬೇರೆ ಅಂಕಿ ಬರೆದಿರಬೇಕಿಲ್ಲ. ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಬೋರ್ಡು ಬಂದರೆ ಊರು ಮುಗಿಯಿತು, ಸಾಮಾನ್ಯ ಮಿತಿ 100. ಹೆದ್ದಾರಿಗೆ ಅಂಟಿಕೊಂಡೇ ಊರುಗಳಿರುವ ಮಂಡ್ಯ ಜಿಲ್ಲೆಗೆ ಇಂಥ ನಿಯಮ ಬಂದರೆ ಎಷ್ಟೋ ಜೀವ ಉಳಿದಾವು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ವಾಪಸ್ ಬರುವಾಗ ಹೆದ್ದಾರಿಯಲ್ಲಿ ಒಂದು ಲಾರಿ ಬಲದ ಲೇನಿನಲ್ಲೇ ನಿಧಾನವಾಗಿ ಸಾಗುತ್ತಿತ್ತು, ಕಾರುಗಳೆಲ್ಲ ಎಡದಿಂದ ಮುಂದೆ ಹೋದವು. ಜರ್ಮನಿಯ ಎಕ್ಸ್‌ಪ್ರೆಸ್ ಹೆದ್ದಾರಿಯಾದ ಆಟೋಬಾನ್‌ನಲ್ಲಿ ಬಲದಿಂದ ಓವರ್‌ಟೇಕ್ ಮಾಡುವುದು ನಿಷಿದ್ಧ. ಎಡ ಲೇನು ಮುಂದೆ ಹೋಗಲಿಕ್ಕೆ ಮಾತ್ರ, ಕೆಲಸ ಮುಗಿದರೆ ಬಲಕ್ಕೆ ಮರಳಬೇಕು. ಟ್ರಾಫಿಕ್ ನಡಿಗೆಯ ವೇಗಕ್ಕೆ ಇಳಿದ ಕೂಡಲೇ ಎಡತುದಿಯ ಲೇನಿನವರು ಇನ್ನೂ ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಆಂಬುಲೆನ್ಸಿಗೆ ಹಾದಿ ಮಾಡಬೇಕು. ಸೈರನ್ ಕೇಳಿದ ಮೇಲೆ ಸರಿಯೋಣವೆಂದರೆ ಆಗದು, ಅಷ್ಟರಲ್ಲಿ ಕಾರುಗಳು ಒತ್ತೊತ್ತಾಗಿ ನಿಂತು ಜಾಗವೇ ಇರುವುದಿಲ್ಲ. ಹಾದಿ ಮಾಡದಿದ್ದರೆ ದಂಡ ಕನಿಷ್ಠ 200 ಯೂರೋ.

"ನನ್ನ ಲೈಸೆನ್ಸ್ ಅಲ್ಲಿ ನಡೆಯುತ್ತಾ ಚಿಕ್ಕಪ್ಪ?" ಎಂದು ಕೇಳಿದಳು. ನೆಲೆಸಲು ಹೋದವರಿಗೆ ನಡೆಯುವುದು ಆರು ತಿಂಗಳು, ಅದೂ ಜರ್ಮನ್ ಭಾಷಾಂತರ ಜೊತೆಗಿಟ್ಟುಕೊಂಡು. ಆಮೇಲೆ ಅಲ್ಲಿಯ ಲೈಸೆನ್ಸೇ ಬೇಕು. ಭಾರತದ್ದನ್ನು ಪರೀಕ್ಷೆಯಿಲ್ಲದೆ ಬದಲಿಸಿಕೊಡುವುದಿಲ್ಲ. ಬರಹದ್ದು, ಓಡಿಸಿ ತೋರಿಸುವುದು ಎರಡನ್ನೂ ಪಾಸು ಮಾಡಬೇಕು. ಅರ್ಜಿಗೂ ಪರೀಕ್ಷೆಯ ದಿನಕ್ಕೂ ಕಾಯಬೇಕಾಗುವುದರಿಂದ, ಮನೆ ಸಿಕ್ಕಿ ವಿಳಾಸ ನೋಂದಣಿಯಾದ ವಾರವೇ ಡ್ರೈವಿಂಗ್ ಸ್ಕೂಲಿಗೆ ಹೆಸರು ಕೊಡು ಎಂದೆ.