ಎಂಡಬ್ಲ್ಯುಪಿ ಫಾರಂ ಮತ್ತು ಅತ್ತೆಯ ಬಳೆ

ನಮ್ಮದು ದಾವಣಗೆರೆಯಲ್ಲಿ ಸಣ್ಣ ಮಂಡಕ್ಕಿ ಭಟ್ಟಿ. ಹೊಸ ಮಷಿನ್‌ಗೆಂದು ಸಾಲ ಮಾಡಿದ ಮೇಲೆ ಇವರಿಗೆ ಇನ್ಶೂರೆನ್ಸ್ ನೆನಪಾಯಿತು. ಒಂದು ಭಾನುವಾರ ನಮ್ಮ ಬೀದಿಯ ಏಜೆಂಟರು ಬಂದರು. ಫಾರಂ ತುಂಬುತ್ತಾ ತುಂಬುತ್ತಾ ತಲೆ ಎತ್ತಿ, "ಎಂಡಬ್ಲ್ಯುಪಿಲಿ ಹಾಕಲಾ?" ಅಂದರು.

ಹಾಗಂದರೆ ಏನು ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

"ಮ್ಯಾರೀಡ್ ವಿಮೆನ್ಸ್ ಪ್ರಾಪರ್ಟಿ ಆಕ್ಟ್, ಮದುವೆಯಾದ ಹೆಂಗಸರ ಆಸ್ತಿ ಕಾಯಿದೆ. ಪಾಲಿಸಿ ಅಣ್ಣಾರ ಹೆಸರಲ್ಲೇ ಇರ್ತದೆ ಅಕ್ಕಾ. ದುಡ್ಡು ಮಾತ್ರ ನಿಮ್ಮದು, ಮಕ್ಕಳದ್ದು. ನಾಳೆ ಸಾಲ ಕೊಟ್ಟವರು ಬಂದ್ರೂ ಇದಕ್ಕೆ ಕೈ ಹಾಕಂಗಿಲ್ಲ. ಅಣ್ಣಾರೂ ನಿಮ್ಮನ್ನ ಬಿಟ್ಟು ಸರೆಂಡರ್ ಮಾಡಂಗಿಲ್ಲ, ಅಂದ್ರೆ ನಡುವೆ ಪಾಲಿಸಿ ಮುರಿದು ದುಡ್ಡು ತಗೊಳ್ಳಂಗಿಲ್ಲ. ಸಾಲ ಮುಳುಗಿಸೋಕೇ ಮಾಡಿದ್ದು ಅಂತ ಸಾಬೀತಾದ್ರೆ ಬೇರೆ ಮಾತು. ಆದ್ರೆ ಈಗಲೇ ಹೇಳ್ಬೇಕು, ಆಮೇಲೆ ಸೇರಿಸೋಕೆ ಬರಲ್ಲ."

ಒಳಗಿಂದ ಅತ್ತೆ, "ಬೆಳಬೆಳಿಗ್ಗೆ ಎಂಥಾ ಮಾತು! ಬಿಡ್ತು ಅನ್ರೋ" ಎಂದು ಬೈದರು. ಮಾತು ಅಲ್ಲಿಗೇ ನಿಂತಿತು. ಏಜೆಂಟರು ಫಾರಂ ಬಿಟ್ಟು ಹೋದರು.

ಅದರಲ್ಲಿ ಕಾಯಿದೆಯ ಹೆಸರಿನ ಮುಂದೆ 1874 ಅಂತ ಇತ್ತು. ಬಿ.ಎ.ಯಲ್ಲಿ ಚರಿತ್ರೆ ಓದಿದವಳು ನಾನು, ಇಸವಿ ಕಂಡರೆ ಸುಮ್ನೆ ಇರೋದಕ್ಕಾಗಲ್ಲ. ಭಟ್ಟಿ ಲೆಕ್ಕ ಮುಗಿಸಿ ರಾತ್ರಿಯೆಲ್ಲ ಹುಡುಕಿ ಹುಡುಕಿ ಓದಿದೆ. ದಾರಿ ಸೀದಾ ಲಂಡನ್ನಿಗೆ ಹೋಯಿತು.

ಆಗ ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದ ಹೆಂಗಸು ಬೇರೆ ವ್ಯಕ್ತಿಯೇ ಅಲ್ಲ, ಗಂಡನೊಳಗೆ ಕರಗಿಹೋದವಳು. ದುಡಿದ ದುಡ್ಡು ಅವನದ್ದು. ಹೆತ್ತ ಮಕ್ಕಳೂ ಅವನವೇ. ಶ್ರೀಮಂತರು ಹೆಣ್ಣುಮಕ್ಕಳ ಆಸ್ತಿಯನ್ನು ಮದುವೆಗೆ ಮೊದಲೇ ಟ್ರಸ್ಟಿಗೆ ಹಾಕಿ ಬಚಾವಾಗುತ್ತಿದ್ದರು. ಕೂಲಿ ಮಾಡುವವಳಿಗೆ ಎಲ್ಲಿಯ ಟ್ರಸ್ಟು?

ಕ್ಯಾರೊಲಿನ್ ನಾರ್ಟನ್ ಅಂತ ಒಬ್ಬ ಲೇಖಕಿ. 1836ರಲ್ಲಿ ಆಕೆಯ ಗಂಡ, ಪ್ರಧಾನಿ ಮೆಲ್ಬರ್ನ್ ಜೊತೆ ಆಕೆಗೆ ಸಂಬಂಧ ಇದೆಯೆಂದು ಕೇಸು ಹಾಕಿದ. ಸೋತ. ಕೋರ್ಟಿನಲ್ಲಿ ಸೋತವನು ಮೂರು ಗಂಡುಮಕ್ಕಳನ್ನು ಮಾತ್ರ ತಾಯಿಗೆ ಕೊಡಲಿಲ್ಲ. ಆಕೆ ಕರಪತ್ರ ಬರೆದು, ಸಂಸತ್ತಿನವರ ಬೆನ್ನು ಹತ್ತಿ, 1839ರಲ್ಲಿ ಮಕ್ಕಳ ಪಾಲನೆಯ ಕಾಯಿದೆ ಬರುವ ಹಾಗೆ ಮಾಡಿದಳು. ಬರೆದು ಗಳಿಸಿದ ದುಡ್ಡಿನ ಮೇಲೂ ಗಂಡನ ಹಕ್ಕು ತಪ್ಪಲಿಲ್ಲ. 1855ರಲ್ಲಿ ವಿಕ್ಟೋರಿಯಾ ರಾಣಿಗೇ ಕಾಗದ ಬರೆದಳು: ಇಂಗ್ಲಿಷ್ ಹೆಂಡತಿಗೆ ತನ್ನ ಬಟ್ಟೆ, ಒಡವೆಯ ಮೇಲೂ ಹಕ್ಕಿಲ್ಲ, ನೆಂಟರು ಕೊಟ್ಟಿದ್ದನ್ನೂ ಗಂಡ ಮಾರಿಕೊಳ್ಳಬಹುದು ಅಂತ. ಅದರ ಹಿಂದಿನ ವರ್ಷ ಬಾರ್ಬರಾ ಲೀ ಸ್ಮಿತ್ ಎಂಬ ಹುಡುಗಿ ಹೆಂಗಸರಿಗೆ ಸಂಬಂಧಪಟ್ಟ ಕಾನೂನನ್ನೆಲ್ಲ ಸರಳ ಭಾಷೆಯಲ್ಲಿ ಅಚ್ಚು ಹಾಕಿಸಿದ್ದಳು. ಓದಿದವರಿಗೆ ಎದೆ ಧಸಕ್ಕೆಂದಿರಬೇಕು. 1856ರಲ್ಲಿ ಸಂಸತ್ತಿಗೆ ಹೋದ ಅರ್ಜಿಗಳಿಗೆ ಸುಮಾರು 26,000 ಸಹಿ ಬಿದ್ದಿತ್ತು.

ನನಗೆ ಜಾಸ್ತಿ ಹಿಡಿಸಿದ್ದು ಹೆಂಗಸರ ಮತದ ಹಕ್ಕಿಗೆ ಹೋರಾಡಿದ ಮಿಲಿಸೆಂಟ್ ಫಾಸೆಟ್ ಕಥೆ. ವಾಟರ್‌ಲೂ ರೈಲು ನಿಲ್ದಾಣದಲ್ಲಿ ಆಕೆಯ ಪರ್ಸು ಕಳುವಾಯಿತು. ಕಳ್ಳ ಸಿಕ್ಕಿಬಿದ್ದ. ಸಾಕ್ಷಿ ಹೇಳಲು ಹೋದಾಗ ಆರೋಪ ಪಟ್ಟಿ ಓದಿದರು: ಕದ್ದಿದ್ದು ಮಿಲಿಸೆಂಟ್ ಅವರಿಂದ, ಆದರೆ ಪರ್ಸು 'ಹೆನ್ರಿ ಫಾಸೆಟ್ ಅವರ ಆಸ್ತಿ'! ತನ್ನ ಮೇಲೇ ಕಳ್ಳತನದ ಆರೋಪ ಹೊರಿಸಿದ ಹಾಗಾಯಿತು ಅಂತ ಆಕೆ ಬರೆದುಕೊಂಡಿದ್ದಾರೆ. ತಮಾಷೆ ಅಂದರೆ ಆಕೆಯ ಗಂಡ ಆ ಹೆನ್ರಿ ಹೆಂಗಸರ ಹಕ್ಕಿನ ಪರ ಇದ್ದವನೇ. ಸಂಸತ್ತಿನಲ್ಲಿ ನಮ್ಮ ದೇಶದ ದುಡ್ಡು ಪೋಲಾಗುವುದರ ಬಗ್ಗೆಯೂ ಎಷ್ಟು ಮಾತಾಡುತ್ತಿದ್ದನೆಂದರೆ 'ಇಂಡಿಯಾದ ಸದಸ್ಯ' ಅಂತಲೇ ಅಡ್ಡಹೆಸರು. ಗಂಡ ಒಳ್ಳೆಯವನೋ ಕೆಟ್ಟವನೋ ಅಂತ ಕಾನೂನು ಕೇಳುತ್ತಿರಲಿಲ್ಲ.

ಅಂತೂ 1870ರಲ್ಲಿ ಹೆಂಡತಿಯ ದುಡಿಮೆ ಹೆಂಡತಿಯದ್ದು ಅಂತಾಯಿತು. ಪೂರ್ತಿ ಆಸ್ತಿ ಹಕ್ಕಿಗೆ 1882ರವರೆಗೆ ಕಾಯಬೇಕಾಯಿತು. ಆ 1870ರ ಕಾಯಿದೆಯಲ್ಲೇ ಗಂಡ ಹೆಂಡತಿಗಾಗಿ ಮಾಡಿಸಿದ ಪಾಲಿಸಿಯ ಮಾತೂ ಇತ್ತು. ಅದೇ ನಾಲ್ಕು ವರ್ಷಕ್ಕೆ ಇಲ್ಲಿಗೂ ಬಂತು. ಆದರೆ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಹೆಂಗಸರನ್ನು ಹೊರಗಿಟ್ಟು! ಪಾಲಿಸಿಯ ಸೌಲಭ್ಯ ಮದ್ರಾಸ್ ಪ್ರಾಂತ್ಯದ ಹಿಂದೂ, ಮುಸ್ಲಿಮರಿಗೆ ಸಿಕ್ಕಿದ್ದು 1913ರ ಕೊನೆಗೆ. ಅಂದರೆ ಮಂಗಳೂರಿನವರಿಗೆ ಮೊದಲು. ಬೊಂಬಾಯಿ ಪ್ರಾಂತ್ಯದ ಹುಬ್ಬಳ್ಳಿ ಧಾರವಾಡಕ್ಕೆ 1923ರಲ್ಲಿ. ನಮ್ಮ ಹಳೇ ಮೈಸೂರು ಸೀಮೆಗೆ 1959ರ ಇನ್ನೊಂದು ಕಾಯಿದೆಯೇ ಬರಬೇಕಾಯಿತು. ದಾವಣಗೆರೆ ಕೊನೇ ಪಂಕ್ತಿ!

ಮರುದಿನ ಅವರೆಕಾಯಿ ಬಿಡಿಸುತ್ತಾ ಇದನ್ನೆಲ್ಲ ಅತ್ತೆಗೆ ಹೇಳಿದೆ. ಮಿಲಿಸೆಂಟ್ ಕಥೆಗೆ ನಕ್ಕರು. ನಾರ್ಟನ್ ಒಡವೆಯ ಮಾತಿಗೆ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಭಟ್ಟಿ ಹಾಕುವಾಗ ನಿಮ್ಮ ಮಾವ ನನ್ನ ನಾಲ್ಕು ಬಳೆ ಅಡ ಇಟ್ರು. ತವರಿನವು. ನಾನು ಬಾಣಂತನಕ್ಕೆ ಹೋಗಿದ್ದೆ. ಬಂದು ಪೆಟ್ಟಿಗೆ ತೆಗೆದಾಗಲೇ ಗೊತ್ತಾಗಿದ್ದು" ಅಂದರು.

"ಬಿಡಿಸಿಕೊಟ್ರಾ?"

"ಎರಡು."

ಮುಂದಿನ ಭಾನುವಾರ ಏಜೆಂಟರು ಮತ್ತೆ ಬಂದರು. ಹೆಂಡತಿ, ಮಕ್ಕಳ ಹೆಸರು ಬರೆದಾಯಿತು. ಆ ದುಡ್ಡು ನೋಡಿಕೊಳ್ಳುವ ಟ್ರಸ್ಟಿ ಯಾರು ಅನ್ನುವ ಕಡೆ ಇವರು ಯೋಚನೆಯೇ ಮಾಡದೆ ತಮ್ಮನ ಹೆಸರು ಬರೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಹತ್ತಿರದಿಂದ ಅತ್ತೆ ಕೇಳಿದರು:

"ದುಡ್ಡು ಇವಳದ್ದು ಅಂದ್ಮೇಲೆ ನಡುವೆ ಅವನ್ಯಾಕೋ? ಇವಳದ್ದೇ ಬರಿಯೋಕೆ ಬರಲ್ವಾ?"

"ಬರ್ತದೆ ಅಮ್ಮಾ" ಅಂದ ಏಜೆಂಟರು ಬ್ಯಾಗಿನಿಂದ ಇನ್ನೊಂದು ಖಾಲಿ ಫಾರಂ ತೆಗೆದರು.